ಮಾರದೆ ಉಳಿದ ನೆಲ

ಒಂದು ಊರಿನ ಚರಿತ್ರೆಯನ್ನು ತಿಳಿಯಬೇಕಾದರೆ ಅರಮನೆಯ ದಫ್ತರಗಳನ್ನೇ ಬಿಚ್ಚಬೇಕೆಂದಿಲ್ಲ. ಆ ಊರಿನ ಬಸ್ಸುಗಳ ಹಣೆಯ ಮೇಲೆ ಬರೆದಿರುವ ಹೆಸರುಗಳನ್ನು ಓದಿಕೊಂಡರೂ ಅರ್ಧ ಚರಿತ್ರೆ ಕೈಗೆ ಸಿಕ್ಕುತ್ತದೆ. ನಮ್ಮ ಮೈಸೂರಿನಲ್ಲಿ ಕೇರಿಗಳಿವೆ, ಅಗ್ರಹಾರವಿದೆ, ಕೊಪ್ಪಲುಗಳಿವೆ. ದೇವರಾಜ ಮೊಹಲ್ಲ, ಲಷ್ಕರ್ ಮೊಹಲ್ಲ, ಮಂಡಿ ಮೊಹಲ್ಲಗಳಿವೆ. ಚಾಮರಾಜಪುರ, ಲಕ್ಷ್ಮೀಪುರ, ಕೃಷ್ಣಮೂರ್ತಿಪುರ, ಸರಸ್ವತೀಪುರಗಳಿವೆ. ಅವುಗಳ ಆಚೆ ಕುವೆಂಪುನಗರ, ವಿಜಯನಗರಗಳು. ಅವಕ್ಕೂ ಆಚೆ, ರಾಗಿಯ ಹೊಲಗಳ ನಡುವೆ ಸಿಮೆಂಟಿನ ಕಮಾನು ನಿಲ್ಲಿಸಿ ‘ಲೇಔಟ್’ ಎಂದು ಬರೆಸಿದ ಹೊಸ ಹೆಸರುಗಳು. ಕೇರಿ ಕಳೆದು ಮೊಹಲ್ಲ, ಮೊಹಲ್ಲ ಕಳೆದು ಪುರ, ಪುರ ಕಳೆದು ನಗರ, ನಗರ ಕಳೆದು ಲೇಔಟು: ಮರದ ಕಾಂಡದಲ್ಲಿ ಉಂಗುರ ಎಣಿಸಿದಂತೆ ಊರಿನ ವಯಸ್ಸನ್ನು ಇಲ್ಲಿ ಎಣಿಸಬಹುದು.

ಕನ್ನಡ ಪಾಠ ಹೇಳುವವನಿಗೆ ಮಾತುಗಳ ಹಿಂದೆ ಹೋಗುವ ಚಾಪಲ್ಯ ಸಹಜ. ‘ಬಡಾವಣೆ’ ಎಂಬ ಮಾತು ಬೆಳೆಸು, ಹೆಚ್ಚಿಸು ಎಂಬ ಅರ್ಥದ ಹಿಂದೂಸ್ತಾನಿ ಮಾತಿನ ನೆಂಟನೆಂದು ತೋರುತ್ತದೆ. ಊರನ್ನು ಹಿಗ್ಗಿಸಿದ್ದು ಎಂದಷ್ಟೇ ಅದರ ಅರ್ಥ. ‘ನಿವೇಶನ’ದ ಕಥೆ ಇನ್ನೂ ಸ್ವಾರಸ್ಯವಾದದ್ದು. ಸಂಸ್ಕೃತದಲ್ಲಿ ಅದಕ್ಕೆ ಒಳಹೊಗುವುದು, ನೆಲೆಸುವುದು, ಮನೆ ಎಂದೆಲ್ಲ ಅರ್ಥ. ಈಗ ನಾವು ಆ ಪದವನ್ನು ಬಳಸುವುದು ಮನೆಯಿಲ್ಲದ ಖಾಲಿ ನೆಲಕ್ಕೆ! ನೆಲೆಸುವ ಅರ್ಥ ಕಳೆದುಹೋಗಿ, ಕೊಳ್ಳುವ ಮತ್ತು ಮಾರುವ ಅರ್ಥ ಉಳಿದುಕೊಂಡಿದೆ.

ಹೊಲವೊಂದು ಊರಾಗುವುದಕ್ಕೆ ಅಪ್ಪಣೆ ಕೊಡುವವರು ಯಾರು, ಯಾವ ಅಳತೆಗೋಲನ್ನು ಹಿಡಿದು ಕೊಡುತ್ತಾರೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಕಛೇರಿಯ ಗುಮಾಸ್ತರಿಗೆ ಬಿಡಬೇಕಾದ ಒಣ ವಿಷಯದಂತೆ ಕಾಣುತ್ತದೆ. ಆದರೆ ಮೈಸೂರಿನ ಮಟ್ಟಿಗೆ ಈ ಅಳತೆಗೋಲಿಗೆ ನೂರ ಇಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದರ ಹುಟ್ಟಿನಲ್ಲಿ ಸಾವಿನ ನೆರಳಿದೆ. ಕಾಯಿದೆಯ ಹೆಸರುಗಳು ಬದಲಾದುವು, ಕಛೇರಿಯ ಹಲಗೆಗಳು ಬದಲಾದುವು. ಅಳತೆಯ ತಿರುಳು ಮಾತ್ರ ಒಂದೇ ಆಗಿ ಉಳಿದಿದೆ: ಕೊಂಡವರ ಪಾಲಿಗೆ ಹೋದ ನೆಲವೆಷ್ಟು ಎಂಬುದಕ್ಕಿಂತ ಯಾರಿಗೂ ಮಾರದೆ ಎಲ್ಲರಿಗಾಗಿ ಬಿಟ್ಟ ನೆಲವೆಷ್ಟು ಎಂಬುದೇ ಬಡಾವಣೆಯ ಯೋಗ್ಯತೆಯನ್ನು ಹೇಳುತ್ತದೆ. ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಹೊಸ ಊರು ಕಟ್ಟುವಾಗ ಕರಾರುಗಳನ್ನು ವಿಧಿಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿಗೆ ಸಮೀಪದ ಸೋಮನಾಥಪುರಕ್ಕೆ ಹೋದವರೆಲ್ಲ ಕೇಶವ ದೇವಾಲಯವನ್ನು ನೋಡಿ ಬರುತ್ತಾರೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ದಂಡನಾಯಕನಾದ ಸೋಮನಾಥನು ಅಲ್ಲಿ ಗುಡಿಯ ಜೊತೆಗೆ ಒಂದು ಅಗ್ರಹಾರವನ್ನೇ ಸ್ಥಾಪಿಸಿದನೆಂಬುದು ಅನೇಕರಿಗೆ ನೆನಪಿರುವುದಿಲ್ಲ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಧಾಟಿ ಗೊತ್ತು. ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಮರ, ಪಡುವಲಿಗೆ ಯಾವ ಕೆರೆಯ ಕೋಡಿ ಎಂದು ಎಲ್ಲೆಗಳನ್ನು ಹೆಸರಿಸುತ್ತಾರೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳು ಯಾರಿಗೆ ಸೇರತಕ್ಕವು ಎಂದು ಹೇಳುತ್ತಾರೆ. ಕೊನೆಯಲ್ಲಿ, ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಒಂದು ಶಾಪ. ಇದನ್ನೆಲ್ಲ ಓಲೆಯಲ್ಲಿ ಬರೆದು ಪೆಟ್ಟಿಗೆಯಲ್ಲಿಡದೆ ಕಲ್ಲಿನಲ್ಲಿ ಕೆತ್ತಿ ಊರ ಮುಂದೆ ನಿಲ್ಲಿಸಿದರು. ಆ ವ್ಯವಸ್ಥೆಯಲ್ಲಿ ಪಾಲು ಪಡೆದವರು ಕೆಲವರು, ಹೊರಗುಳಿದವರು ಹಲವರು ಎಂಬುದನ್ನು ಮರೆಯುವಂತಿಲ್ಲ. ಆದರೆ ಊರಿನ ಕರಾರು ಊರವರ ಕಣ್ಣೆದುರಿಗೆ ಇರತಕ್ಕದ್ದು ಎಂಬ ವಿವೇಕ ಅಲ್ಲಿ ಇದ್ದಿತು.

ಹಳೆಯ ಮೈಸೂರಿನಲ್ಲಿ ಇಂಥ ಕ್ರಮ ಹೆಚ್ಚಾಗಿ ಇರಲಿಲ್ಲ. ಕೋಟೆಯೊಳಗೆ ಅರಮನೆಯ ಸುತ್ತ ಮನೆಗಳು ಒತ್ತೊತ್ತಾಗಿ ಬೆಳೆದಿದ್ದುವು. ಕೋಟೆಯ ಹೊರಗಿನ ಪೇಟೆಯೂ ಹಾಗೆಯೇ. ಊರು ತಗ್ಗಿನಲ್ಲಿರುವುದರಿಂದ ನೀರು ಹರಿದುಹೋಗುವುದೇ ಒಂದು ಸಮಸ್ಯೆ. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ಬಹಳ ಖರ್ಚುಮಾಡಿ ಒಂದು ನಾಲೆಯನ್ನು ತೋಡಿಸಿದರು. ಕಾವೇರಿ ಅದರಲ್ಲಿ ಬರಲಿಲ್ಲ. ಊರಿನ ಕೊಳಚೆ ಬಂದಿತು. ಆ ನಾಲೆಯನ್ನು ಮುಚ್ಚಿ, ಅದರ ಮೇಲೆ ಅಗಲವಾದ ಬೀದಿಯೊಂದನ್ನು ಮಾಡಿ, ಎರಡು ಕಡೆಯೂ ಒಂದೇ ರೀತಿಯ ಅಂಗಡಿಗಳನ್ನು ಕಟ್ಟಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ದೊಡ್ಡ ಸುಧಾರಣೆಗಳಲ್ಲಿ ಒಂದು. ಇಂದು ದಸರೆಯ ಜಂಬೂ ಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ ಅದೇ. ಅರಮನೆಯ ಎದುರಿನ ಕಂದಕದ ಭಾಗವನ್ನೂ ಮುಚ್ಚಿದರು. ಪಶ್ಚಿಮಕ್ಕೆ ಚಾಮರಾಜಪುರದ ಬಡಾವಣೆ ತೆರೆಯಿತು. ಆದರೂ ಇವೆಲ್ಲ ಬಿಡಿಬಿಡಿಯಾದ ಚಿಕಿತ್ಸೆಗಳು. ಊರು ಹೇಗೆ ಬೆಳೆಯಬೇಕೆಂಬ ನಿಯಮವಾಗಲಿ, ಅದನ್ನು ನೋಡಿಕೊಳ್ಳುವುದೇ ಕೆಲಸವಾದ ಒಂದು ಸಂಸ್ಥೆಯಾಗಲಿ ಇನ್ನೂ ಹುಟ್ಟಿರಲಿಲ್ಲ.

ಹುಟ್ಟಿಸಿದ್ದು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಹಾಮಾರಿ ರೈಲುದಾರಿಯನ್ನು ಹಿಡಿದು ೧೮೯೮ರಲ್ಲಿ ಬೆಂಗಳೂರಿಗೂ ಮೈಸೂರಿಗೂ ಬಂದಿತು. ನಮ್ಮ ಅಜ್ಜಿಯರ ಕಾಲದವರಿಗೆ ‘ಊರು ಬಿಡುವುದು’ ಎಂದರೆ ಏನೆಂದು ವಿವರಿಸಿ ಹೇಳಬೇಕಾಗಿರಲಿಲ್ಲ. ಇಲಿ ಬಿದ್ದ ಸುದ್ದಿ ಬಂದೊಡನೆ ಪಾತ್ರೆ ಪಗಡ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವುದು. ೧೮೯೧ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ ೭೪,೦೪೮. ೧೯೦೧ರಲ್ಲಿ ೬೮,೧೧೧. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ರಾಜಧಾನಿ ಸುಮಾರು ಆರು ಸಾವಿರದಷ್ಟು ಕುಗ್ಗಿತು. ಸತ್ತವರು, ಊರು ಬಿಟ್ಟವರು ಎಲ್ಲರೂ ಆ ಅಂಕಿಯ ಹಿಂದೆ ಇದ್ದಾರೆ.

ಇಲ್ಲಿ ಒಂದು ಸೋಜಿಗವಿದೆ. ಪ್ಲೇಗಿನ ಸೂಕ್ಷ್ಮಜೀವಿಯನ್ನು ೧೮೯೪ರಲ್ಲಿಯೇ ಯೆರ್ಸಿನ್ ಎಂಬ ವಿಜ್ಞಾನಿ ಹಾಂಕಾಂಗಿನಲ್ಲಿ ಗುರುತಿಸಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುತ್ತದೆ ಎಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ೧೮೯೮ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದನು. ಆದರೆ ಅವನ ಮಾತನ್ನು ವೈದ್ಯಲೋಕ ಒಪ್ಪಿಕೊಳ್ಳಲು ವರ್ಷಗಳೇ ಹಿಡಿದುವು. ಅಷ್ಟರಲ್ಲಿ ನಗರಗಳ ಆಡಳಿತಗಾರರು ಕೆಟ್ಟ ಗಾಳಿ, ಕತ್ತಲೆ, ಇಕ್ಕಟ್ಟು, ಕೊಳಚೆ ಇವೇ ರೋಗದ ತವರೆಂದು ಬಗೆದು ಕೆಲಸಕ್ಕೆ ಕೈಹಾಕಿದ್ದರು. ಅವರ ಶಾಸ್ತ್ರ ಪೂರ್ತಿ ಸರಿಯಾಗಿರಲಿಲ್ಲ. ಮದ್ದು ಮಾತ್ರ ಕೆಟ್ಟದ್ದಾಗಿರಲಿಲ್ಲ. ಮನೆಗೂ ಮನೆಗೂ ನಡುವೆ ಜಾಗ, ಹರಿಯುವ ಚರಂಡಿ, ಬೆಳಕು ಬರುವ ಬೀದಿ ಇವು ಇಲಿಗೂ ಹಿತವಲ್ಲ, ಇತರ ಹಲವು ರೋಗಗಳಿಗೂ ಹಿತವಲ್ಲ.

ಮುಂಬಯಿಯಲ್ಲಿ ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿ ಆ ಕಾಲಕ್ಕೇ ಬಸವನಗುಡಿ, ಮಲ್ಲೇಶ್ವರಗಳು ತಲೆಯೆತ್ತಿದುವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ೧೯೦೨ರಲ್ಲಿ ಅಧಿಕಾರ ವಹಿಸಿಕೊಂಡರು. ಮರುವರ್ಷವೇ, ಎಂದರೆ ೧೯೦೩ರಲ್ಲಿ, ಮೈಸೂರು ನಗರ ಸುಧಾರಣೆಯ ಕಾಯಿದೆ ಬಂದಿತು. ಅದರ ಮೇರೆಗೆ ಹುಟ್ಟಿದ್ದೇ ಹಳಬರೆಲ್ಲ ‘ಟ್ರಸ್ಟ್ ಬೋರ್ಡು’ ಎಂದು ಕರೆಯುತ್ತಿದ್ದ ಸಂಸ್ಥೆ. ಭಾರತದಲ್ಲಿಯೇ ಇದು ಮೊಟ್ಟಮೊದಲನೆಯದೆಂದು ನಮ್ಮ ಊರಿನವರು ಅಭಿಮಾನದಿಂದ ಹೇಳುವುದುಂಟು. ಮುಂಬಯಿಯದು ಐದು ವರ್ಷ ಹಿರಿದು ಎಂಬುದನ್ನು ನೆನೆದರೆ ಆ ಅಭಿಮಾನವನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕಾಗುತ್ತದೆ. ಹಾಗೆಂದು ಮೈಸೂರಿನ ಹಿರಿಮೆಗೆ ಕುಂದೇನೂ ಇಲ್ಲ. ಎಪ್ಪತ್ತು ಸಾವಿರ ಜನರೂ ಇಲ್ಲದ ಒಂದು ಊರು ಇಂಥ ಕಾಯಿದೆಯನ್ನು ಮಾಡಿಕೊಂಡಿತೆಂಬುದು ಸಣ್ಣ ಮಾತಲ್ಲ.

ಟ್ರಸ್ಟ್ ಬೋರ್ಡಿನ ಕ್ರಮ ಸರಳವಾದದ್ದು. ಊರಿನ ಅಂಚಿನ ಭೂಮಿಯನ್ನು ಒಟ್ಟಾಗಿ ವಶಪಡಿಸಿಕೊಳ್ಳುವುದು. ಅದರ ಮೇಲೆ ಮೊದಲು ರಸ್ತೆಯನ್ನೂ ಚರಂಡಿಯನ್ನೂ ಎಳೆಯುವುದು. ಬಯಲಿಗೆ, ಶಾಲೆಗೆ ಬೇಕಾದ ಜಾಗವನ್ನು ಗುರುತುಮಾಡುವುದು. ಉಳಿದದ್ದನ್ನು ಸೈಟುಗಳಾಗಿ ಹಂಚುವುದು. ಈ ಅನುಕ್ರಮವನ್ನು ಓದುಗರು ದಯವಿಟ್ಟು ಗಮನಿಸಬೇಕು. ಮೊದಲು ಎಲ್ಲರ ನೆಲ, ಆಮೇಲೆ ಒಬ್ಬೊಬ್ಬರ ನೆಲ. ಲಕ್ಷ್ಮೀಪುರದಲ್ಲಿಯೋ ಕೃಷ್ಣಮೂರ್ತಿಪುರದಲ್ಲಿಯೋ ಬೆಳಗಿನ ಹೊತ್ತು ನಡೆದುಹೋದರೆ ನೇರವಾದ ಬೀದಿಗಳೂ, ಅಡ್ಡರಸ್ತೆಗಳೂ ಈ ಅನುಕ್ರಮಕ್ಕೆ ಇಂದಿಗೂ ಸಾಕ್ಷಿ ನುಡಿಯುತ್ತವೆ.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಒಂದು ಕಿರಿದಾದ ಓಣಿಯುಂಟು. ಅದಕ್ಕೆ ‘ಕನ್ಸರ್ವೆನ್ಸಿ’ ಎಂದು ಹೆಸರು. ಹೊಸ ಪೀಳಿಗೆಯವರು ಅದನ್ನು ಸ್ಕೂಟರ್ ನಿಲ್ಲಿಸಲು, ತೆಂಗಿನ ಗರಿ ಒಗೆಯಲು ಬಳಸುತ್ತಾರೆ. ಕೆಲವರು ಗೋಡೆಯನ್ನೇ ಅದರೊಳಕ್ಕೆ ಸರಿಸಿ ಅಡಿಗೆಮನೆಯನ್ನು ದೊಡ್ಡದು ಮಾಡಿಕೊಂಡಿದ್ದಾರೆ. ಈ ಓಣಿ ಬಂದದ್ದು ನೈರ್ಮಲ್ಯಕ್ಕಾಗಿ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲವನ್ನು ಹೊತ್ತೊಯ್ಯುವವರು ಮುಂಬೀದಿಯಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದ ಬಂದು ಹೋಗಲೆಂದು ಅದನ್ನು ಬಿಟ್ಟಿದ್ದರು. ೧೯೭೦ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಲಾಯಿತು. ನಕ್ಷೆಯಲ್ಲಿ ಕಾಣುವ ಒಂದು ಗೆರೆಯ ಹಿಂದೆ ಎಷ್ಟು ಮನುಷ್ಯರ ಅವಮಾನ ಅಡಗಿರಬಹುದೆಂಬುದಕ್ಕೆ ಈ ಓಣಿ ನಿದರ್ಶನ. ಬೆಂಗಳೂರಿನ ಆ ಕಾಲದ ಬಡಾವಣೆಗಳಲ್ಲಿ ಜಾತಿಮತಗಳಿಗೆ ಬೇರೆ ಬೇರೆ ಭಾಗಗಳನ್ನು ನಿಗದಿಮಾಡಿದ್ದೂ ಉಂಟು. ಗಾಳಿ ಬೆಳಕುಗಳನ್ನು ಹಂಚಿದ ಕೈಯೇ ಹಳೆಯ ಬೇಲಿಗಳನ್ನೂ ಹೊಸ ನೆಲದ ಮೇಲೆ ನೆಟ್ಟಿತು. ಆದುದರಿಂದ ಹಳೆಯದೆಲ್ಲ ಚೆನ್ನಾಗಿತ್ತೆಂದು ನಾನು ಹೇಳಹೊರಟಿಲ್ಲ.

೧೯೦೩ನೆಯ ಇಸವಿಯಲ್ಲಿಯೇ ಇಂಗ್ಲೆಂಡಿನಲ್ಲಿ ಲೆಚ್‌ವರ್ತ್ ಎಂಬಲ್ಲಿ ಮೊದಲನೆಯ ‘ಉದ್ಯಾನ ನಗರ’ದ ಕೆಲಸ ಆರಂಭವಾಯಿತು. ಅದರ ಹಿಂದಿದ್ದವನು ಎಬೆನೆಜರ್ ಹೊವರ್ಡ್ ಎಂಬ ಶೀಘ್ರಲಿಪಿಕಾರ. ಎಂಜಿನಿಯರನೂ ಅಲ್ಲ, ಶ್ರೀಮಂತನೂ ಅಲ್ಲ. ಉದ್ಯಾನ ನಗರವೆಂದರೆ ಹೂವಿನ ಪಾತಿಗಳ ನಗರವೆಂದು ನಾವು ತಿಳಿಯುತ್ತೇವೆ. ಹೊವರ್ಡನ ಮುಖ್ಯ ವಿಚಾರ ಬೇರೆಯೇ. ಹೊಲ ಊರಾದಾಗ ಅದರ ಬೆಲೆ ಏರುತ್ತದೆಯಷ್ಟೆ. ಆ ಏರಿಕೆಯನ್ನು ತಂದವರು ಯಾರು? ಅಲ್ಲಿಗೆ ಬಂದು ನೆಲೆಸಿದ ಜನ. ಆದ್ದರಿಂದ ಏರಿದ ಬೆಲೆಯ ಲಾಭ ಆ ಜನಕ್ಕೇ ಮರಳಬೇಕು. ಅದಕ್ಕಾಗಿ ನೆಲವು ಒಟ್ಟು ಊರಿನ ಒಡೆತನದಲ್ಲಿರಬೇಕು ಎಂದು ಅವನ ವಾದ. ನಮ್ಮ ಟ್ರಸ್ಟ್ ಬೋರ್ಡು ಅಷ್ಟು ದೂರ ಹೋಗಲಿಲ್ಲ, ಸೈಟುಗಳನ್ನು ಮಾರಿಯೇ ಮಾರಿತು. ಆದರೆ ಏರುವ ಬೆಲೆಯಲ್ಲಿ ಒಂದು ಪಾಲು ಪಾರ್ಕಾಗಿ, ಶಾಲೆಯ ಬಯಲಾಗಿ, ಅಗಲವಾದ ರಸ್ತೆಯಾಗಿ ಜನಕ್ಕೆ ಸಲ್ಲಬೇಕೆಂಬ ತತ್ತ್ವವನ್ನು ಅದೂ ಬಿಟ್ಟುಕೊಡಲಿಲ್ಲ.

ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದದ್ದು ೧೯೨೬ರಿಂದ ೧೯೪೧ರವರೆಗೆ. ಊರಿನ ಅಂದಚೆಂದಗಳ ಮೇಲೆ ಅವರಿಗಿದ್ದ ಪ್ರೀತಿ ಹೆಸರಾದದ್ದು. ಅವರ ಕಾಲಕ್ಕೆ ಪ್ಲೇಗಿನ ಹೆದರಿಕೆ ತಗ್ಗಿದ್ದಿತು, ಜನ ಹೆಚ್ಚಿದ್ದರು. ೧೯೩೧ರಲ್ಲಿ ಮೈಸೂರಿನ ಜನಸಂಖ್ಯೆ ಲಕ್ಷವನ್ನು ದಾಟಿ ೧,೦೭,೧೪೨ ಆಯಿತು. ೧೯೫೧ರ ವೇಳೆಗೆ ೨,೪೪,೩೨೩. ಇಪ್ಪತ್ತು ವರ್ಷಗಳಲ್ಲಿ ಎರಡರಷ್ಟಕ್ಕೂ ಹೆಚ್ಚು! ಒಂದೇ ಬೋರ್ಡು ಭೂಮಿಯನ್ನು ಕೊಂಡು ಹಂಚುತ್ತ ಕೂತರೆ ಸಾಲುವಂತಿರಲಿಲ್ಲ. ಗೃಹನಿರ್ಮಾಣ ಸಹಕಾರ ಸಂಘಗಳು ಬಂದುವು. ಹೊಲದ ಯಜಮಾನರೇ ನೆಲವನ್ನು ತುಂಡುಮಾಡಿ ಮಾರತೊಡಗಿದರು. ಎಲ್ಲವನ್ನೂ ತಾನೇ ಕಟ್ಟುವುದು ಸಾಧ್ಯವಿಲ್ಲವಾದ ಮೇಲೆ, ಕಟ್ಟುವವರಿಗೆಲ್ಲ ಅನ್ವಯಿಸುವ ನಿಯಮವನ್ನಾದರೂ ಸರ್ಕಾರ ಹಾಕಬೇಕಾಯಿತು. ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಬಂದದ್ದು ಹೀಗೆ. ಆಮೇಲೆ ೧೯೮೭ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆ ಬಂದು, ಹಳೆಯ ಟ್ರಸ್ಟ್ ಬೋರ್ಡಿನ ಸ್ಥಾನದಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಕೂತಿತು. ೨೦೨೪ರಲ್ಲಿ ಮೈಸೂರಿಗೆಂದೇ ಪ್ರತ್ಯೇಕವಾದ ಅಭಿವೃದ್ಧಿ ಪ್ರಾಧಿಕಾರದ ಮಸೂದೆಯನ್ನು ವಿಧಾನಮಂಡಲ ಅಂಗೀಕರಿಸಿತು.

ಈ ಕಾಯಿದೆಗಳ ಸಾರವನ್ನು ಕಛೇರಿಯ ಭಾಷೆ ಬಿಟ್ಟು ಹೇಳುವುದಾದರೆ ಹೀಗೆ. ಮೊದಲು ಊರಿಗೊಂದು ಮಾಸ್ಟರ್ ಪ್ಲಾನ್. ಅದರ ನಕ್ಷೆಯಲ್ಲಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಕಟ್ಟಡಗಳಿಗೆ ಕೆಂಪು, ಉದ್ಯಾನ ಬಯಲುಗಳಿಗೆ ಹಸುರು ಎಂದು ಬಣ್ಣಗಳು. ಒಬ್ಬನ ಹೊಲ ಹಳದಿಯೊಳಗೆ ಬಿದ್ದಿದ್ದರೆ ಅವನ ದಾರಿ ಸಲೀಸು. ಇಲ್ಲವಾದರೆ ಭೂಉಪಯೋಗದ ಬದಲಾವಣೆಗೆ ಅರ್ಜಿ ಹಾಕಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಒಪ್ಪುವುದೇ ಎಂದು ಪ್ರಾಧಿಕಾರ ನೋಡಬೇಕು, ಜನರಿಂದ ಆಕ್ಷೇಪಣೆ ಕೇಳಬೇಕು. ಬೇಸಾಯದ ಭೂಮಿಯನ್ನು ಬೇರೆ ಉಪಯೋಗಕ್ಕೆ ತಿರುಗಿಸಲು ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳ ಕಡೆಯಿಂದ ಆಗಬೇಕಾದ ಕ್ರಮ ಬೇರೆ. ಜನ ಅದನ್ನು ‘ಡಿ.ಸಿ. ಕನ್ವರ್ಷನ್’ ಎನ್ನುತ್ತಾರೆ. ಅನಂತರ ಬಡಾವಣೆಯ ನಕ್ಷೆ: ರಸ್ತೆ ಎಷ್ಟು ಅಗಲ, ಪಕ್ಕದ ಬಡಾವಣೆಯ ರಸ್ತೆಗೆ ಕೂಡುತ್ತದೆಯೆ, ಮಳೆನೀರು ಎತ್ತ ಹರಿಯುತ್ತದೆ, ಪಾರ್ಕು ಎಲ್ಲಿ, ಶಾಲೆ ಆಸ್ಪತ್ರೆಗಳಿಗೆ ಮೀಸಲಾದ ‘ಸಿ.ಎ. ಸೈಟು’ ಎಲ್ಲಿ. ನಕ್ಷೆಗೆ ಒಪ್ಪಿಗೆಯಾದ ಮೇಲೆ ರಸ್ತೆ, ಪಾರ್ಕು, ಸೌಕರ್ಯದ ಜಾಗಗಳನ್ನು ಮಾಲೀಕನು ಬರೆದುಕೊಡಬೇಕು. ನೀರು, ಒಳಚರಂಡಿ, ದೀಪದ ಕೆಲಸಗಳು ಆದಂತೆಲ್ಲ ಸೈಟುಗಳನ್ನು ಕಂತುಕಂತಾಗಿ ಮಾರಲು ಬಿಡುಗಡೆ ಸಿಗುವುದು ವಾಡಿಕೆಯ ಕ್ರಮ.

ಪ್ರಾಧಿಕಾರವೇ ಮಾಡುವ ಬಡಾವಣೆಗಳಲ್ಲಿ ಒಟ್ಟು ವಿಸ್ತೀರ್ಣದ ನೂರಕ್ಕೆ ೧೫ ಭಾಗ ಪಾರ್ಕು ಆಟದ ಬಯಲುಗಳಿಗೂ, ಇನ್ನೂ ೧೦ ಭಾಗ ನಾಗರಿಕ ಸೌಕರ್ಯಗಳಿಗೂ ಇರಬೇಕೆಂದು ೧೯೮೭ರ ಕಾಯಿದೆ ಹೇಳಿತು. ಖಾಸಗಿ ಬಡಾವಣೆಗಳಿಗೆ ಈ ಪ್ರಮಾಣಗಳು ಕಾಲಕಾಲಕ್ಕೆ ಬದಲಾಗಿವೆ. ಇದರ ಅರ್ಥವೇನೆಂದು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಒಂದು ಎಕರೆಗೆ ೪೦ ಗುಂಟೆ, ಎಂದರೆ ೪೩,೫೬೦ ಚದರಡಿ. ನಮ್ಮ ಮಧ್ಯಮ ವರ್ಗದ ಕನಸಿನ ಅಳತೆಯಾದ ಮೂವತ್ತು-ನಲವತ್ತರ ಸೈಟು ೧,೨೦೦ ಚದರಡಿ. ಎಕರೆಯನ್ನು ಪೂರ್ತಿ ಕತ್ತರಿಸಿದರೆ ೩೬ ಸೈಟುಗಳಾಗಬಹುದು. ಆದರೆ ಪಾರ್ಕಿಗೂ ಸೌಕರ್ಯಕ್ಕೂ ಕಾಲುಭಾಗ ಹೋಗಿ, ಲೆಕ್ಕಕ್ಕಾಗಿ ರಸ್ತೆಗಳಿಗೆ ಇನ್ನೊಂದು ಕಾಲುಭಾಗವೆಂದು ಇಟ್ಟುಕೊಂಡರೆ ಉಳಿಯುವುದು ೧೮. ಬಡಾವಣೆಯ ಚರಿತ್ರೆಯೆಲ್ಲ, ಅದರ ಜಗಳಗಳೆಲ್ಲ, ಈ ಕಾಣದ ೧೮ ಸೈಟುಗಳ ಸುತ್ತ ನಡೆಯುತ್ತದೆಯೆಂದರೆ ಅತಿಶಯೋಕ್ತಿಯಾಗಲಾರದು. ಕಾಣುವ ಹದಿನೆಂಟಕ್ಕೆ ಯಜಮಾನರಿದ್ದಾರೆ, ಪತ್ರಗಳಿವೆ, ಬೇಲಿಗಳಿವೆ. ಕಾಣದ ಹದಿನೆಂಟಕ್ಕೆ ಎಲ್ಲರೂ ಯಜಮಾನರು. ಎಂದರೆ, ಅನೇಕ ವೇಳೆ, ಯಾರೂ ಅಲ್ಲ.

ಕೆಲವು ವರ್ಷಗಳ ಕೆಳಗೆ ನನ್ನ ಸಹೋದ್ಯೋಗಿಯೊಬ್ಬರು ಸೈಟು ನೋಡಲು ಹೊರಟಾಗ ನನ್ನನ್ನೂ ಕರೆದರು. ತೋರಿಸುವವನು ಉತ್ಸಾಹಿ. ಕಾರಿನ ಮೇಲೆ ಬಣ್ಣದ ನಕ್ಷೆಯನ್ನು ಹರಡಿ, “ನೋಡಿ ಮೇಷ್ಟ್ರೇ, ಕಾರ್ನರ್ ಸೈಟು, ಎದುರಿಗೇ ಪಾರ್ಕು. ಬೆಳಗ್ಗೆ ಎದ್ದು ವಾಕಿಂಗಿಗೆ ದೂರ ಹೋಗೋ ಹಾಗೇ ಇಲ್ಲ” ಎಂದನು. ನಕ್ಷೆಯ ಹಸುರನ್ನೂ ನೆಲವನ್ನೂ ಹೋಲಿಸಿ ನೋಡಿದೆ. ಅಲ್ಲಿ ಒಂದು ಹಳ್ಳವಿತ್ತು, ಅದರ ದಂಡೆಯಲ್ಲಿ ಮೂರು ಮೂಲೆಯ ಒಂದು ಚೂರು ನೆಲ, ಮೇಲೆ ದೊಡ್ಡ ವಿದ್ಯುತ್ ತಂತಿಗಳು. “ಪಾರ್ಕು ಇದೇ ಏನಪ್ಪ?” ಎಂದು ಕೇಳಿದೆ. “ಆಗತ್ತೆ ಸಾರ್, ಜನ ಬಂದ್ಮೇಲೆ ಎಲ್ಲಾ ತಾನಾಗೇ ಆಗತ್ತೆ” ಎಂದನು. ಸೈಟಾಗಲು ಒದಗದ ತಗ್ಗು, ಕೋಣು, ತಂತಿಯಡಿಯ ಜಾಗಗಳನ್ನೆಲ್ಲ ಕೂಡಿಸಿ ಲೆಕ್ಕ ತುಂಬಿಸಿದರೆ ಕಾಯಿದೆಯ ಅಕ್ಷರ ಉಳಿಯುತ್ತದೆ. ಮಕ್ಕಳಿಗೆ ಚೆಂಡಾಡಲು ಜಾಗ ಉಳಿಯುವುದಿಲ್ಲ. ಆದ್ದರಿಂದ ಎಷ್ಟು ಬಿಟ್ಟಿದ್ದಾರೆ ಎಂಬುದರ ಜೊತೆಗೆ ಎಂಥ ನೆಲವನ್ನು ಬಿಟ್ಟಿದ್ದಾರೆ ಎಂದೂ ಕೇಳುವುದು ಅಗತ್ಯ.

ಒಳ್ಳೆಯ ನೆಲವನ್ನೇ ಬಿಟ್ಟಿದ್ದರೂ ಅದು ನಿಂತೇ ನಿಲ್ಲುತ್ತದೆಂದು ಭರವಸೆಯಿಲ್ಲ. ಬೆಂಗಳೂರಿನ ಸದಾಶಿವನಗರದ ಮೊಕದ್ದಮೆಯೊಂದು ಇಡೀ ದೇಶಕ್ಕೆ ಪಾಠವಾಗಿದೆ. ಅಲ್ಲಿಯ ಬಡಾವಣೆಯ ಯೋಜನೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಬಯಲನ್ನು, ಮೇಲಿನಿಂದ ಬಂದ ಆದೇಶದ ಮೇರೆಗೆ, ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಯಿತು. ಸುತ್ತಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನರಿಗೆ ಉಪಕಾರಿಯೇ ಅಲ್ಲವೆ, ಅಡ್ಡಿಮಾಡಲು ಇವರು ಯಾರು ಎಂಬ ವಾದ ಎದುರಾಯಿತು. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಎಲ್ಲರಿಗಾಗಿ ಕಾಯ್ದಿಟ್ಟ ಬಯಲನ್ನು ಖಾಸಗಿಯವರಿಗೆ ಒಪ್ಪಿಸುವುದು ಕಾಯಿದೆಗೆ ವಿರುದ್ಧವೆಂದೂ, ಅದನ್ನು ಪ್ರಶ್ನಿಸಲು ಆ ಪ್ರದೇಶದ ನಿವಾಸಿಗಳಿಗೆ ಹಕ್ಕಿದೆಯೆಂದೂ ಅದರಿಂದ ಸ್ಥಿರಪಟ್ಟಿತು. ಕಾಣದ ಹದಿನೆಂಟಕ್ಕೂ ವಾರಸುದಾರರಿದ್ದಾರೆ ಎಂದು ದೇಶದ ಅತ್ಯುಚ್ಚ ನ್ಯಾಯಸ್ಥಾನವೇ ಹೇಳಿದಂತಾಯಿತು. ಪಾರ್ಕು, ಆಟದ ಬಯಲುಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ ೧೯೮೫ರ ಕಾಯಿದೆಯೂ ಇದೆ.

ಮೈಸೂರಿನಲ್ಲಿ ನೆಲದ ನೆನಪು ಎಷ್ಟು ಬೇಗ ಅಳಿಯುತ್ತದೆಂಬುದಕ್ಕೆ ಸ್ಥಳನಾಮಗಳೇ ಪ್ರಮಾಣ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನದಲ್ಲಿ ಮೈದಾನವಿದೆ, ಕೆರೆ ಹೆಸರಿನಲ್ಲಿ ಮಾತ್ರ ಇದೆ. ಜೀವರಾಯನಕಟ್ಟೆಯೆಂಬಲ್ಲಿ ಕಟ್ಟೆಯನ್ನು ಹುಡುಕಿದರೆ ಸಿಕ್ಕುವುದು ಬಯಲು. ಇವೆರಡೂ ಪುಣ್ಯವಶಾತ್ ಬಯಲಾಗಿಯಾದರೂ ಉಳಿದುವು. ಆದರೆ ೧೮೨೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಲಿಂಗಾಂಬುಧಿ ಕೆರೆಯ ಸುತ್ತಲೂ ಈಗ ಬಡಾವಣೆಗಳು ಬಂದು ನಿಂತಿವೆ. ಕೆರೆಗೆ ನೀರು ತರುವ ಹಳ್ಳ ಯಾರ ಸೈಟಿನಲ್ಲಿಯೂ ಬೀಳಬಾರದು, ಸೈಟಿನ ಕೊಳಚೆ ಆ ಹಳ್ಳಕ್ಕೆ ಬೀಳಬಾರದು. ಬಡಾವಣೆಗೆ ಒಪ್ಪಿಗೆ ಕೊಡುವವರು ನೋಡಬೇಕಾದ ಅಳತೆಗಳಲ್ಲಿ ಇದಕ್ಕಿಂತ ದೊಡ್ಡದು ಮತ್ತೊಂದಿಲ್ಲವೆಂದು ನನಗೆ ತೋರುತ್ತದೆ. ಪೂರ್ಣಯ್ಯನವರ ನಾಲೆಯ ಪಾಡು ಇನ್ನೂರು ವರ್ಷಗಳಾದರೂ ನಮಗೆ ನೆನಪಿರಬೇಕು.

ಹಾಗಾದರೆ ಈ ಅಳತೆಯೊಳಗೆ ಬಾರದೆ ಎದ್ದ ಬಡಾವಣೆಗಳ ಮಾತೇನು? ‘ರೆವಿನ್ಯೂ ಸೈಟು’ ಎಂ�ದರೆ ಗೊತ್ತಿಲ್ಲದವರು ನಮ್ಮೂರಿನಲ್ಲಿಲ್ಲ. ಪರಿವರ್ತನೆಯಿಲ್ಲ, ಒಪ್ಪಿಗೆಯ ನಕ್ಷೆಯಿಲ್ಲ. ಹೊಲಕ್ಕೆ ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟು ಮಾರಿದ್ದು. ಇಂಥದನ್ನು ಕೊಂಡವರನ್ನು ಕಾನೂನು ಮುರಿದವರೆಂದು ಬೈಯುವುದು ಸುಲಭ. ಆದರೆ ಕೊಂಡವರಲ್ಲಿ ಬಹಳ ಮಂದಿ ಸಣ್ಣ ಸಂಬಳದವರು, ಕೂಲಿಯವರು, ಹಳ್ಳಿಯಿಂದ ಮಕ್ಕಳ ಓದಿಗಾಗಿ ಬಂದವರು. ಒಪ್ಪಿಗೆಯಾದ ಸೈಟಿನ ಬೆಲೆ ಅವರ ಕೈಗೆ ನಿಲುಕದು. ಬಾಡಿಗೆ ಮನೆಯಲ್ಲಿ ಅರ್ಧ ಆಯುಸ್ಸು ಕಳೆದವನಿಗೆ ಪಾರ್ಕಿಗಿಂತ ಸೂರೇ ಮೊದಲು. ಅವರಿಗೆ ನಿಲುಕುವ ನೆಲವನ್ನು ಸಕಾಲದಲ್ಲಿ ಒದಗಿಸದೆ, ಆಮೇಲೆ ದಂಡ ಕಟ್ಟಿಸಿಕೊಂಡು ‘ಅಕ್ರಮ-ಸಕ್ರಮ’ವೆನ್ನುವುದು ನಮ್ಮ ಆಡಳಿತ ಕಂಡುಕೊಂಡ ದಾರಿ. ವಿಚಿತ್ರವಾದ ಜೋಡಿಪದ! ಕಾಗದದಲ್ಲಿ ಅಕ್ರಮವು ಸಕ್ರಮವಾಗಬಹುದು; ಬಿಡದೆ ಹೋದ ಚರಂಡಿ, ಬಿಡದೆ ಹೋದ ಬಯಲು ದಂಡ ಕಟ್ಟಿದ ಮಾತ್ರಕ್ಕೆ ನೆಲದಿಂದ ಏಳುವುದಿಲ್ಲ. ಮಳೆಗಾಲದಲ್ಲಿ ಮೊಳಕಾಲು ನೀರಿನಲ್ಲಿ ನಿಲ್ಲುವವರು ಅವರೇ. ಒಪ್ಪಿಗೆಯ ಅಳತೆ ಉಳ್ಳವರ ಆಡಂಬರವಲ್ಲ, ಇಲ್ಲದವರಿಗೇ ಅದರ ಅಗತ್ಯ ಹೆಚ್ಚು. ಉಳ್ಳವನು ತನ್ನ ಕಾಂಪೌಂಡಿನೊಳಗೇ ತೋಟ ಮಾಡಿಕೊಳ್ಳುತ್ತಾನೆ.

೨೦೨೪ರಲ್ಲಿ ಮೈಸೂರಿನ ಬದಲಿ ನಿವೇಶನಗಳ ಹಂಚಿಕೆಯ ವಿಷಯ ನಾಡಿನಾದ್ಯಂತ ಮಾತಾಯಿತು. ಯಾರಿಗೆ ಎಷ್ಟು ಸೈಟು, ಯಾವ ಬಡಾವಣೆಯಲ್ಲಿ, ಯಾವ ಬೆಲೆಗೆ ಎಂದು ಪತ್ರಿಕೆಗಳ ಪುಟಗಳು ತುಂಬಿದುವು. ಅದರ ನ್ಯಾಯಾನ್ಯಾಯಗಳನ್ನು ತೂಗುವುದು ಈ ಲೇಖನದ ಕೆಲಸವಲ್ಲ. ಆದರೆ ಆ ಗದ್ದಲವನ್ನು ಓದುತ್ತಿದ್ದಾಗ ನನಗೆ ಒಂದು ಸಂಗತಿ ಎದ್ದುಕಂಡಿತು. ಮಾತೆಲ್ಲ ಸೈಟಾದ ನೆಲವನ್ನು ಕುರಿತದ್ದು. ಸೈಟಾಗದ ನೆಲ, ಪಾರ್ಕು, ಓಣಿ, ಹಳ್ಳ, ಶಾಲೆಯ ಬಯಲು, ಎಷ್ಟು ಉಳಿದಿದೆ, ಯಾರ ವಶದಲ್ಲಿದೆ ಎಂದು ಕೇಳಿದವರು ಕಡಮೆ. ಹಂಚಿದ್ದರಲ್ಲಿ ಅನ್ಯಾಯವಾದರೆ ದೂರು ಕೊಡಲು ಪಾಲುಗಾರನೊಬ್ಬ ಇರುತ್ತಾನೆ. ಹಂಚದೆ ಉಳಿಸಿದ್ದು ಕರಗಿದರೆ ಯಾರ ಜೇಬಿಗೂ ಒಮ್ಮೆಗೇ ನಷ್ಟವಿಲ್ಲ. ಆದ್ದರಿಂದ ಸದ್ದೂ ಇಲ್ಲ.

೧೯೦೧ರಲ್ಲಿ ಅರವತ್ತೆಂಟು ಸಾವಿರವಿದ್ದ ಊರು ೨೦೧೧ರ ಗಣತಿಯ ವೇಳೆಗೆ ಒಂಬತ್ತು ಲಕ್ಷದ ಸಮೀಪಕ್ಕೆ ಬಂದಿತು. ಇನ್ನೂ ಬೆಳೆಯುತ್ತದೆ, ಬೆಳೆಯಬಾರದೆಂದು ಹೇಳಲು ನಾವು ಯಾರು? ನಾವೂ ಯಾರದೋ ಹೊಲದ ಮೇಲೆ ಮನೆ ಕಟ್ಟಿಕೊಂಡವರೇ. ಸೈಟು ಕೊಳ್ಳಲು ಹೋಗುವವರು ಮೂಲಪತ್ರ, ಋಣಭಾರ ಪತ್ರ, ಖಾತೆಗಳನ್ನು ವಕೀಲರಿಗೆ ತೋರಿಸುತ್ತಾರೆ. ಅದರ ಜೊತೆಗೆ ಒಪ್ಪಿಗೆಯಾದ ನಕ್ಷೆಯನ್ನು ಕೈಯಲ್ಲಿ ಹಿಡಿದು ಹಸುರು ಬಳಿದ ಜಾಗಕ್ಕೆ ನಡೆದುಹೋಗಿ ಅಲ್ಲಿ ಏನಿದೆಯೆಂದು ನೋಡಿ ಬರುವುದು, ಅದನ್ನು ಬರೆದುಕೊಟ್ಟ ಪತ್ರವನ್ನು ಕೇಳುವುದು ಒಂದು ವಾಡಿಕೆಯಾಗಬೇಕು. ತನ್ನ ಸೈಟಿಗೆ ಕೊಟ್ಟ ಹಣದಲ್ಲಿ ಆ ಜಾಗದ ಬೆಲೆಯೂ ಸೇರಿದೆ ಎಂಬುದನ್ನು ಕೊಳ್ಳುವವನು ಮರೆಯಬಾರದು.

ಇನ್ನೊಂದು ಸಲಹೆಯನ್ನೂ ಮುಂದಿಡುತ್ತೇನೆ, ಶಾಸನ ಓದುವವನ ಹುಚ್ಚೆಂದು ಬೇಕಾದರೆ ಅನ್ನಲಿ. ಪ್ರತಿಯೊಂದು ಬಡಾವಣೆಯ ಬಾಗಿಲಲ್ಲಿಯೂ, ಆ ಸಿಮೆಂಟಿನ ಕಮಾನಿನ ಪಕ್ಕದಲ್ಲಿ, ಒಂದು ಕಲ್ಲು ನಿಲ್ಲಿಸಲಿ. ಒಟ್ಟು ಎಷ್ಟು ಎಕರೆ, ಎಷ್ಟು ಸೈಟು, ಪಾರ್ಕು ಎಷ್ಟು ಗುಂಟೆ, ಅದರ ಮೂಡಲಿಗೆ ಏನು, ಪಡುವಲಿಗೆ ಏನು, ಹಳ್ಳ ಎಲ್ಲಿಂದ ಎಲ್ಲಿಗೆ, ಯಾವ ತಾರೀಖಿನಲ್ಲಿ ಯಾರು ಒಪ್ಪಿಗೆ ಕೊಟ್ಟರು ಎಂದು ಅಚ್ಚಗನ್ನಡದಲ್ಲಿ ಕೆತ್ತಿಸಲಿ. ಕಛೇರಿಯ ಕಡತ ಕಳೆದುಹೋಗಬಹುದು. ಬೀದಿಯ ಬಾಯಲ್ಲಿ ನಿಂತ ಕಲ್ಲು ಅಷ್ಟು ಸುಲಭವಾಗಿ ಕಳೆಯದು. ಶಾಲೆಗೆ ಹೋಗುವ ಹುಡುಗನೊಬ್ಬನು ಅದನ್ನು ಓದಿ, “ಇಲ್ಲಿ ಪಾರ್ಕು ಇಪ್ಪತ್ತು ಗುಂಟೆ ಅಂತಿದೆ, ಆ ಗೋಡೆ ಅದರೊಳಗೆ ಹೇಗೆ ಬಂತು?” ಎಂದು ಕೇಳಿದರೆ ಸಾಕು. ಕಲ್ಲಿನ ಕೊನೆಯಲ್ಲಿ ಹಿಂದಿನವರಂತೆ ಶಾಪ ಹಾಕಬೇಕಾಗಿಲ್ಲ. ೧೯೮೫ರ ಕಾಯಿದೆಯ ಹೆಸರನ್ನು ಬರೆದರೆ ಆದೀತು.